ದಂಡೆ ಕಟ್ಟಿದವನು ಬಿಡಿಸಿದ ಗುಳಿಗೆ

ಆರೋಗ್ಯ ಇಲಾಖೆಯ ಮಾನ್ಯ ಕಾರ್ಯದರ್ಶಿಗಳಿಗೆ,

ನಿಮ್ಮ ಉತ್ತರ ಬಂತು. ‘ಬಿಡುಗಡೆಯ ವೇಳೆ ರೋಗಿಗೆ ಲಿಖಿತ ಸೂಚನೆ ನೀಡಲಾಗಿದ್ದು, ಲೋಪ ಕಂಡುಬಂದಿಲ್ಲ.’ ಖರೆ ಐತ್ರಿ. ನಾಲ್ಕು ಹಾಳೆ ಕೊಟ್ಟಿದ್ದರು, ನಾಲ್ಕೂ ಇಂಗ್ಲಿಷಿನಲ್ಲಿ. ನನ್ನ ತಂಗಿ ಕೆಂಪವ್ವನಿಗೆ ಓದಲು ಬರುವುದಿಲ್ಲ. ನಾನು ಸಾಲಿಯ ಮೆಟ್ಟಿಲು ಹತ್ತದೆ ಕನ್ನಡವಷ್ಟೇ ಕಲಿತವನು. ಲೋಪ ನಮ್ಮದೇ ಇರಬೇಕು.

ಆಕೆಯ ತಲೆಯೊಳಗಿನ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿತ್ತು. ಆಸ್ಪತ್ರೆಯ ಡಾಕ್ಟರು ಚಿತ್ರ ಬರೆದು ತಿಳಿಸಿದರು: ಹರಿಯುವ ರಕ್ತ ಉಬ್ಬಿನೊಳಗೆ ನುಗ್ಗಿ ಸುಳಿ ತಿರುಗುತ್ತದೆ, ಗೋಡೆ ಸವೆದು ಒಡೆಯಬಹುದು, ಅದರ ಬಾಯಿಗೆ ಅಡ್ಡಲಾಗಿ ಬಲೆಯಂಥ ಸ್ಟೆಂಟ್ ಕೂಡಿಸಿದರೆ ಒಳಗಿನ ಹರಿವು ಮಂದವಾಗಿ, ರಕ್ತ ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ಉಬ್ಬು ತುಂಬಿಕೊಳ್ಳುತ್ತದೆ. ನಾನು ಹಿಗ್ಗಿದೆ. ಗಲಗಲಿಯಲ್ಲಿ ಹೊಳಿ ದಂಡೆ ಕೊರೆದಲ್ಲಿ ನಾವು ಗೂಟ ಬಡಿದು ಜಾಲಿಮುಳ್ಳು ಹೆಣೆಯುತ್ತೇವೆ. ಅದರ ಹಿಂದೆ ನೀರು ಮಂದವಾಗಿ ಹೂಳು ಕೂಡುತ್ತದೆ, ಕೊರಕಲು ಮುಚ್ಚುತ್ತದೆ. ‘ಗೊತ್ತಾತ್ರಿ ಸಾಹೇಬ್ರ, ನಮ್ಮ ದಂಡಿ ಕಟ್ಟಿದಂಗ’ ಅಂದೆ. ಅವರೂ ಹಿಗ್ಗಿ ಮುಂದಿನ ಹಾಸಿಗೆಗೆ ಹೋದರು. ಸ್ಟೆಂಟ್ ಕೂಡಿಸಿದ ಮೇಲೆ ದಿನಾ ನುಂಗಲು ಕೊಟ್ಟ ಗುಳಿಗೆ ಯಾಕೆಂಬುದು ಹಾಳೆಯಲ್ಲೇ ಉಳಿಯಿತು.

ಊರಿಗೆ ಬಂದ ಹನ್ನೆರಡನೇ ದಿನ ಕೆಂಪವ್ವ ಕೇಳಿದಳು: ‘ಯಣ್ಣಾ, ಇದು ರಗತ ಗಟ್ಟಿ ಆಗದಂಗ ಮಾಡೂ ಗುಳಿಗಿ ಅಂತ ಔಷಧ ಅಂಗಡ್ಯಾವ ಅಂದ. ನನಗ ಹಲ್ಲಾಗ ರಗತ ಬರಾಕತ್ತೈತಿ.’

‘ಗಟ್ಟಿ ಆಗದಿದ್ರ ಉಬ್ಬು ತುಂಬೂದು ಹ್ಯಾಂಗವಾ? ಮಣ್ಣಿಲ್ಲದ ನೀರಾಗ ಹೂಳು ಕೂಡತೈತೇನು? ಬಿಡು ಗುಳಿಗಿ.’

‘ಡಾಕ್ಟರಕಿಂತ ನೀ ಶಾಣ್ಯಾ ಆದಿ ನೋಡು’ ಎಂದು ನಕ್ಕಳು. ಗುಳಿಗೆ ಬಿಟ್ಟಳು.

ಒಂಬತ್ತು ದಿನಕ್ಕೆ ಬಲೆಯ ಮೇಲೆಯೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತು. ಉಬ್ಬು ತುಂಬಬೇಕು, ನಾಳದ ಹರಿವು ನಿಲ್ಲಬಾರದು. ಬಲೆಯ ಮೇಲೆ ನಾಳದ ಒಳಪದರ ಹಬ್ಬುವ ತನಕ ಗುಳಿಗೆಯೇ ಕಾವಲು. ಇಷ್ಟನ್ನು ಡಾಕ್ಟರು ಕನ್ನಡದಲ್ಲಿ ನನಗೆ ಹೇಳಿದ್ದು ಆಕೆಯ ಬಲಗೈ, ಬಲಗಾಲು, ಮಾತು ಹೋದ ಮೇಲೆ.

ತಪ್ಪು ನನ್ನದು, ಒಪ್ಪಿದೆ. ಆದರೆ ಎರಡು ನಿಮಿಷದ ಮಾತನ್ನು ನಾಲ್ಕು ಹಾಳೆಯಲ್ಲಿ ಬಚ್ಚಿಟ್ಟು ಲೋಪವಿಲ್ಲ ಎನ್ನುವ ಧೈರ್ಯ ನಿಮಗೆ ಎಲ್ಲಿಂದ ಬಂತು? ಸ್ಟೆಂಟ್ ಕೂಡಿಸಿಕೊಂಡವರ ಕೈಗೆ ಕನ್ನಡದ ಒಂದು ಹಾಳೆ ಕೊಡಿಸಿ. ‘ಏನು ತಿಳೀತು, ತಿರುಗಿ ಹೇಳ್ರಿ’ ಎಂದು ಕೇಳುವವರೊಬ್ಬರು ಇರಲಿ. ಕೊಡಿಸುತ್ತೀರೆಂಬ ನಂಬಿಕೆಯಿಲ್ಲ. ಕೊಡಿಸಿದರೂ ಕೆಂಪವ್ವನಿಗೆ ಬರುವುದೇನಿಲ್ಲ.

ಆಕೆಗೆ ಉಳಿದಿರುವುದು ‘ಯಣ್ಣಾ’ ಒಂದೇ ಮಾತು. ನೀರಿಗೂ ಅದೇ, ನೋವಿಗೂ ಅದೇ. ನಾನು ಮಾಡಿದ್ದನ್ನೆಲ್ಲ ಮುಂದೆ ಕೂತು ಹೇಳಿ, ಬೈಯಲಿ ಎಂದು ಕಾದೆ. ‘ಯಣ್ಣಾ’ ಎಂದಳು, ಎಡಗೈಯಿಂದ ನನ್ನ ಮೊಣಕಾಲು ಸವರಿದಳು.

ಇಂತಿ,
ನೀರು ಬಲ್ಲೆನೆಂದುಕೊಂಡಿದ್ದ
ಸಿದರಾಯ
ಗಲಗಲಿ, 2017