ಬಡ್ಡಿಗೆ ಬಂದ ಅಂಗಿ

ಮಾರ್ಚ್ 3, ಭಾನುವಾರ
ಪ್ರಾರ್ಥನೆಯ ಮನೆಯಲ್ಲಿ ಪಾಠ ಹೇಳಿ ಬಂದೆ. ಇವತ್ತು ಬೈಬಲಿನ ಮೋಶೆಯ ನಿಯಮ — ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಹಾಕಬೇಡ, ಸಾಹುಕಾರನ ಗತ್ತು ತೋರಿಸಬೇಡ. ಶಾಲೆಯ ಮೆಟ್ಟಿಲು ಹತ್ತದೆ ತಾನಾಗೇ ಓದು ಕಲಿತ ನನ್ನನ್ನು ಎಲ್ಲರೂ ಮೇಷ್ಟ್ರೇ ಅನ್ನುತ್ತಾರೆ. ಬಾಯಿ ತಡೆಯಲಿಲ್ಲ. ಇಸ್ತ್ರಿ ಅಂಗಡಿಯವಳಿಗೆ ಕರೆಂಟ್ ಇಸ್ತ್ರಿ ಪೆಟ್ಟಿಗೆ ಕೊಳ್ಳಲು ಎರಡು ವರ್ಷದ ಹಿಂದೆ ಕೊಟ್ಟ ಸಾಲದ ಮಾತೂ ಎತ್ತಿದೆ. ಬಿಡಿಗಾಸು ಬಡ್ಡಿಯಿಲ್ಲ ಅಂದೆ.
ಬಡಗಿ ಎದ್ದ. "ಹಂಗಾದ್ರೆ ನನಗೂ ಒಂದಿಷ್ಟು ಕೊಡಿ ಮೇಷ್ಟ್ರೇ, ಅಸಲೂ ಕೇಳ್ಬೇಡಿ!"
ಎಲ್ಲರೂ ನಕ್ಕರು. ನನಗೆ ಒಳಗೊಳಗೇ ಹಿಗ್ಗು.

ಮಾರ್ಚ್ 5, ಮಂಗಳವಾರ, ಮಧ್ಯಾಹ್ನ
ನನ್ನ ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ. ಬಟ್ಟೆಯ ಗಂಟು ನಾನೇ ಹೊತ್ತುಕೊಂಡು ಹೋದೆ. ಇದೇ ಮೊದಲು. ದುಡ್ಡು ಚಾಚಿದರೆ ಇಸ್ತ್ರಿಯವಳು ಕೈ ಹಿಂದಕ್ಕೆ ಎಳೆದುಕೊಂಡಳು.
"ಬಡ್ಡಿ ಬಟ್ಟೆಗೂ ದುಡ್ಡಾ ಮೇಷ್ಟ್ರೇ?"
ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.
"ಸಾಲ ತೀರೋವರೆಗೂ ಮನೆ ಬಟ್ಟೆಯೆಲ್ಲ ಪುಕ್ಕಟೆ ತಿಕ್ಕಿಕೊಡ್ಬೇಕು ಅಂತ ನೀವೇ ಹೇಳಿ ಕಳಿಸಿದ್ರಲ್ಲ, ಅಮ್ಮನ ಕೈಲಿ."
"ನಾನಾ?"
"ಪಾಠಕ್ಕೆ ಬರ್ತಿದ್ದೆ ಮೊದ್ಲು. ಹೋದ ವರ್ಷ ಬಡ್ಡಿ ವಿಷ್ಯ ಹೇಳಿದ್ರಿ ನೋಡಿ, ಅವತ್ತೇ ಬಿಟ್ಟೆ. ನಾನು ತಿಕ್ಕಿದ ಅಂಗೀಲೇ ನಿಂತಿದ್ರಿ. ನಗು ಬಂದ್ಬಿಡ್ತು… ಎದ್ದು ಬಂದೆ."
ಗಂಟು ವಾಪಸ್ ಹೊತ್ತು ತಂದೆ.

ಅದೇ ದಿನ, ಸಂಜೆ
ಇವಳು ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.
"ಒಂದು ಕಾಸು ಮುಟ್ಟಿದ್ದೀನಾ? ಬಟ್ಟೆ ತಾನೇ!"
"ನನ್ನ ಹೆಸರು ಯಾಕೆ ಎಳೆದೆ?"
"ನನ್ನ ಹೆಸರಿಗೆ ಯಾರು ಬಗ್ತಾರೆ? ಇದ್ದಬದ್ದದ್ದು ಎತ್ತಿಕೊಟ್ಟು ಧರ್ಮಾತ್ಮ ಅನ್ನಿಸ್ಕೊಂಡ್ರಿ. ನಲವತ್ತು ವರ್ಷ ಆ ಅಂಗಿಗಳನ್ನ ತಿಕ್ಕಿ ನನ್ನ ಮಣಿಕಟ್ಟು ಬಿದ್ದೋಯ್ತು. ಎರಡು ವರ್ಷದಿಂದ ಯಾರು ತಿಕ್ಕಿದ್ರು ಅಂತ ಒಂದಿನ ಕೇಳಿದ್ರಾ?"
ಕೇಳಿರಲಿಲ್ಲ. ಅದು ನಿಜ. ಆದರೂ — ನನ್ನ ಹೆಸರು! ಹೊರಗಿನವರು ಮಾಡಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಇವಳು…

ಮಾರ್ಚ್ 6
ಬೆಳಿಗ್ಗೆ ಇವಳು ಕಾಫಿ ಲೋಟ ಕುಕ್ಕಿ ಹೋದಳು.

ಮಾರ್ಚ್ 12, ಮಂಗಳವಾರ
ವಾರವೆಲ್ಲ ಬೈಬಲ್ ಓದಿದೆ. ದುಡಿದವನ ಕೂಲಿ ಹೊತ್ತು ಮುಳುಗುವುದರೊಳಗೆ ಅವನ ಕೈ ಸೇರಬೇಕು ಅಂತಿದೆ. ಎರಡು ವರ್ಷದಲ್ಲಿ ಎಷ್ಟು ಸಲ ಹೊತ್ತು ಮುಳುಗಿತು!
ಅಂಗಡಿಗೆ ಹೋದೆ. ಎರಡು ವರ್ಷದ ಕೂಲಿಯಲ್ಲೇ ನಿನ್ನ ಸಾಲ ತೀರಿತು, ಉಳಿದ ಬಾಕಿ ನಾನೇ ನಿನಗೆ ಕೊಡಬೇಕು ಅಂದೆ.
"ದುಡ್ಡು ಆಮೇಲೆ ಕೊಡಿ ಮೇಷ್ಟ್ರೇ. ಮೊನ್ನೆ ಪಾಠದಲ್ಲಿ ನನ್ನ ವಿಷ್ಯ ಎತ್ತಿದ್ರಂತೆ. ಮೇಷ್ಟ್ರ ಋಣದಲ್ಲಿದ್ದೀಯ ಅಂತ ಕೇರಿಯೆಲ್ಲ ನನಗೆ ಬುದ್ಧಿ ಹೇಳುತ್ತೆ. ಅವರ ಮುಂದೇನೇ ನಿಜ ಹೇಳಿ. ಬಂದು ಕೂತ್ಕೋತೀನಿ."

ಮಾರ್ಚ್ 16, ಶನಿವಾರ
ನಾಳೆ ಹೇಳುತ್ತೇನೆ ಅಂತ ಇವಳಿಗೆ ತಿಳಿಸಿದೆ.
"ಹೇಳಿ. ಹೆಂಡ್ತಿ ಕಳ್ಳಿ ಅನ್ನಿ. ನೀವು ಮತ್ತೆ ಸಾಚಾ ಆಗಿ."
ನಾಟಿತು. ಇವಳ ಹೆಸರು ಎತ್ತುವುದಿಲ್ಲ.

ಮಾರ್ಚ್ 17, ಭಾನುವಾರ
ಇಸ್ತ್ರಿಯವಳು ಬಾಗಿಲ ಪಕ್ಕ ಕೂತಿದ್ದಳು. ಇವಳೂ ಬಂದಿದ್ದಳು, ಮುಂದಿನ ಸಾಲಿನಲ್ಲಿ. ಎದ್ದು ನಿಂತೆ. ಇಸ್ತ್ರಿಯವಳ ಕಡೆ ಕೈ ತೋರಿಸಿದೆ. "ಆ ಸಾಲಕ್ಕೆ ಬಡ್ಡಿ ತಿಂದಿದ್ದೇನೆ. ಈಕೆಯ ದುಡಿಮೆ ತಿಂದಿದ್ದೇನೆ" ಅಂದೆ. ಬೇರೆ ಯಾರ ಹೆಸರೂ ಹೇಳಲಿಲ್ಲ. ಯಾರೂ ನಗಲಿಲ್ಲ. ಬಡಗಿ ತಲೆ ತಗ್ಗಿಸಿದ.
ಹೊರಗೆ ಬರುವಾಗ ಗೇಟಿನ ಹತ್ತಿರ ಇವಳ ದನಿ. ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು —
"ನನಗೇನು ಗೊತ್ತಮ್ಮಾ? ಗಂಟು ಹೊತ್ತೋಳು ನಾನು, ಅಷ್ಟೇ. ಮೊದ್ಲಿಂದ್ಲೂ ಅವರಿಗೆ ಕೊಂಚ ಕಾಸಿನಾಸೆ."
ಇಸ್ತ್ರಿಯವಳಿಗೂ ಕೇಳಿಸಿತು. ನಿಂತಳು. ಇವಳನ್ನು ನೋಡಿದಳು, ಆಮೇಲೆ ನನ್ನನ್ನು. ಈಗೇನು ಹೇಳ್ತೀರಿ ಅನ್ನುವ ಹಾಗೆ.
ನಾನು ಇವಳ ಹೆಸರು ಎತ್ತಲಿಲ್ಲ; ಬಾಕಿ ಕೂಲಿ ಎಣಿಸಿ ಇಸ್ತ್ರಿಯವಳ ಕೈಗಿಟ್ಟೆ.