ಸೀಸದ ಏಪ್ರನ್ ಸನ್ಮಾನದ ಶಾಲಲ್ಲ

ಮಾನ್ಯ ತಪಾಸಣಾಧಿಕಾರಿಗಳೇ,

ಎಕ್ಸ್-ರೇ ಕೋಣೆಯಲ್ಲಿ ಕಿರಣ ತಡೆಯುವ ಸೀಸದ ಏಪ್ರನ್ ಯಾರ ಮೈಮೇಲಿರಬೇಕು ಎಂಬುದು ನಿಮಗೆ ಗೊತ್ತಿಲ್ಲದಿರಲು ಸಾಧ್ಯವೇ? ನಾನು ದೇವದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು, ತುಂಬು ಬಸುರಿ. ಕಳೆದ ವಾರ ನಿಮ್ಮ ತಪಾಸಣೆಯ ದಿನ ಸ್ವಿಚ್ ಒತ್ತಲಿಲ್ಲವೆಂದು ನನಗೆ ಆಸ್ಪತ್ರೆಯಿಂದ ನೋಟಿಸ್ ಬಂದಿದೆ. ನನ್ನ ಅವಿಧೇಯತೆಗೆ ನೀವೇ ಸಾಕ್ಷಿಯಂತೆ. ಸಾಕ್ಷಿ ಹೇಳುವ ಮೊದಲು, ನಡೆದದ್ದನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ನೆನಪಿಸುತ್ತೇನೆ.

ನಮ್ಮ ಕಡೆ ದೊಡ್ಡವರು ಬಂದರೆ ಸನ್ಮಾನ ಮಾಡದೆ ಕಳಿಸುವುದಿಲ್ಲ. ಅವತ್ತು ಹಾರ, ಶಾಲು ಎಲ್ಲ ಮುಗಿದ ಮೇಲೂ ನಮ್ಮ ಮ್ಯಾನೇಜರರಿಗೆ ತೃಪ್ತಿಯಾಗಲಿಲ್ಲ. ನೀವು ಎಕ್ಸ್-ರೇ ಕೋಣೆಗೆ ಕಾಲಿಟ್ಟ ಕೂಡಲೇ, ಇದ್ದ ಒಂದೇ ಒಂದು ಏಪ್ರನ್ ತೆಗೆದು ನಿಮಗೆ ತೊಡಿಸಿದರು. ಫೋಟೊ ಹೊಡೆದರು. ಆಗ ನಾನು ಮರೆಯಾಗಿ ನಿಲ್ಲಬೇಕಾದ ಸೀಸದ ಪರದೆ ಎಲ್ಲಿತ್ತು? ನಿಮ್ಮ ಕುರ್ಚಿಗೆ ಜಾಗ ಸಾಲದೆಂದು ಬೆಳಿಗ್ಗೆಯೇ ಅದನ್ನು ಹೊರಗೆ ತಳ್ಳಿದ್ದರು. ನನ್ನ ಮೈಗೆ ತಾಗುವ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಎಲ್ಲಿತ್ತು? ಕಳೆದುಹೋದೀತೆಂದು ಮ್ಯಾನೇಜರರ ಕಪಾಟಿನಲ್ಲಿ ಭದ್ರವಾಗಿತ್ತು. ಕಪಾಟಿನೊಳಗಿನ ಬ್ಯಾಡ್ಜಿಗೆ ಏನೂ ತಾಗಿಲ್ಲವೆಂದು ಪ್ರತಿ ಸಲ ವರದಿ ಬರುತ್ತದೆ, ನೀವು 'ತೃಪ್ತಿಕರ' ಎಂದು ಬರೆಯುತ್ತೀರಿ. ಕಪಾಟು ಆರೋಗ್ಯವಾಗಿದೆ, ಸಂತೋಷ.

ಟೇಬಲ್ಲಿನ ಬಳಿ ಬೂದೆಮ್ಮ ಕೂತಿದ್ದರು. ಕುರಿ ಸಾಕುವ ಮನೆಯ ಹಿರಿಯ ಹೆಂಗಸು, ಟಗರು ಗುದ್ದಿ ಮುಂಗೈ ಬಾತಿತ್ತು. "ಹೂಂ, ಲಗೂನ ತಗೀವಾ, ಸಾಹೇಬ್ರು ನೋಡಾಕತ್ಯಾರ" ಎಂದರು ಮ್ಯಾನೇಜರರು.

"ಏಪ್ರನ್ ಕೊಡ್ರಿ ಸರ್, ಇಲ್ಲಾಂದ್ರ ಪರದೆ ಒಳಗ ತರಸ್ರಿ" ಎಂದೆ.

"ಸಾಹೇಬ್ರ ಮೈಮ್ಯಾಗಿಂದು ಬಿಚ್ಚಸ್ತಿಯೇನು? ಮರ್ಯಾದಿ ಗೊತ್ತದನೋ ಇಲ್ಲೋ?"

ಅಷ್ಟು ನೋವಿನಲ್ಲೂ ಬೂದೆಮ್ಮ ನಿಮ್ಮ ಕಡೆ ತಿರುಗಿದರು. "ಯಪ್ಪಾ, ಆಕಿ ಬಸುರಿ ಅದಾಳ. ನೀ ಅದನ್ನ ಆಕಿಗೆ ಕೊಟ್ಟು ಹೊರಗ ನಿಂತ್ರ ಏನಾಗ್ತದ?"

ನೀವು ಫೋನು ನೋಡುತ್ತಿದ್ದಿರಿ.

ಹೌದು, ನಾನು ಸ್ವಿಚ್ ಒತ್ತಲಿಲ್ಲ. ಬೂದೆಮ್ಮ ಬಾತ ಕೈ ಹಿಡಿದುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಹೋಗಬೇಕಾಯಿತು. ಆ ರಸ್ತೆಯಲ್ಲಿ ಬಸ್ಸು ಹೇಗೆ ಕುಲುಕುತ್ತದೆ ಎಂದು ನನಗೆ ಗೊತ್ತು. ಆದರೆ ಅವರನ್ನು ಬಸ್ಸು ಹತ್ತಿಸಿದ್ದು ನಾನೋ, ನೀವೋ? ಬಾಗಿಲು ದಾಟಿ ಹೊರಗೆ ನಿಲ್ಲಲು ನಿಮಗೆ ಯಾರ ಅಪ್ಪಣೆ ಬೇಕಿತ್ತು? ದುಡಿಯುವವರಿಗೆ ರಕ್ಷಣೆ ಇದೆಯೋ ಇಲ್ಲವೋ ನೋಡಲು ತಾನೇ ಸರ್ಕಾರ ನಿಮ್ಮನ್ನು ಕಳಿಸಿದ್ದು? ಕಿರಣ ಕಣ್ಣಿಗೆ ಕಾಣುವುದಿಲ್ಲ, ಒಪ್ಪಿದೆ. ನನ್ನ ಹೊಟ್ಟೆಯೂ ಕಾಣಲಿಲ್ಲವೇ?

ಪರದೆ ಒಳಗೆ ಬರಲಿ, ಬ್ಯಾಡ್ಜ್ ನನ್ನ ಎದೆಗೆ ಬರಲಿ, ಕೆಲಸ ಮಾಡುವವರ ಏಪ್ರನ್ ಕೆಲಸ ಮಾಡುವವರಿಗೇ ಇರಲಿ. ಹೆರಿಗೆಯಾಗುವವರೆಗೆ ನನಗೆ ಬೇರೆ ಕೆಲಸ ಕೊಡಿಸಿ. ಮಾನ್ವಿ, ಸಿರವಾರದ ಎಕ್ಸ್-ರೇ ಕೋಣೆಗಳಿಗೂ ಹೋಗಿ, ಆದರೆ ಹೇಳದೆ ಹೋಗಿ, ಹಾರ ತರಿಸಲು ಯಾರಿಗೂ ಪುರಸೊತ್ತು ಸಿಗದಂತೆ. ಇದಿಷ್ಟೂ ಆಗುವ ತನಕ ಆ ಸ್ವಿಚ್ಚನ್ನು ನಾನು ಮುಟ್ಟುವುದಿಲ್ಲ. ಕೆಲಸ ಹೋದರೆ ಹೋಗಲಿ.

ನೋಟಿಸಿನಲ್ಲಿ ನನ್ನಿಂದ ಕ್ಷಮಾಪಣೆ ಕೇಳಿದ್ದಾರೆ. ಕೇಳುತ್ತೇನೆ, ಬೂದೆಮ್ಮನ ಮನೆಗೆ ಹೋಗಿ. ನಿಮ್ಮನ್ನಲ್ಲ.

ಇಂತಿ,
ನಿಮ್ಮ ವರದಿಯಲ್ಲಿ ಸುರಕ್ಷಿತಳಾಗಿರುವ
ದೇವಿಕಾ
ಎಕ್ಸ್-ರೇ ಟೆಕ್ನಿಷಿಯನ್ (ಸದ್ಯಕ್ಕೆ), ದೇವದುರ್ಗ