ಏಳು ಸಲ ಒತ್ತಿದಾಗ

ಇಳಕಲ್ಲ,
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ತಮ್ಮ ಚೇತನನಿಗೆ,

ಆರಾಮ ಇದ್ದೀಯಾ? ಅಲ್ಲಿ ನಸುಕಿನಲ್ಲೇ ತಣ್ಣೀರು ಸ್ನಾನ ಎಂದು ಯಾರೋ ಹೇಳಿದಾಗಿನಿಂದ ಅವ್ವನಿಗೆ ನಿನ್ನ ನೆಗಡಿಯದೇ ಚಿಂತೆ. ಮಠದಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾವೆಲ್ಲ ಕ್ಷೇಮ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ. ಅಪ್ಪ ಗಟ್ಟಿಯಾಗಿದ್ದಾನೆ.

ಅಂಗಡಿಯ ಕಂಪ್ಯೂಟರಿನ ಸುದ್ದಿ ಹೇಳಬೇಕು. ನೀನು ಹೋದ ಈ ಎರಡು ವರ್ಷದಲ್ಲಿ ಅದು ಎಷ್ಟು ನಿಧಾನವಾಗಿತ್ತೆಂದರೆ, ನೀನೇ ಮಾಡಿಕೊಟ್ಟ ನಮ್ಮ ಸೀರೆ ಅಂಗಡಿಯ ವೆಬ್‌ಸೈಟ್ ತೆರೆಯುವಷ್ಟರಲ್ಲಿ ಅಪ್ಪನ ಚಹಾ ಮುಗಿದಿರುತ್ತಿತ್ತು. ದೀಪಾವಳಿಗೆ ಸೊಲ್ಲಾಪುರದವರೊಬ್ಬರ ಆರ್ಡರ್ ಹೀಗೇ ಕೈತಪ್ಪಿತು. "ಗುಜರಿಗೆ ಹಾಕು ಇದನ್ನ" ಎಂದು ಅಪ್ಪ ರೇಗಿದ. ಹೋದ ರವಿವಾರ ನಾನೇ ಕುಳಿತು ನೋಡಿದೆ. ಕಂಪ್ಯೂಟರಿನದಲ್ಲ, ಬ್ರೌಸರಿನದು ತಕರಾರು. ಎಪ್ಪತ್ಮೂರು ಟ್ಯಾಬ್ ತೆರೆದೇ ಇದ್ದವು, ಅದರಲ್ಲಿ ಹನ್ನೊಂದು ಒಂದೇ ಪಂಚಾಂಗದ ಪುಟ. ಮುಚ್ಚುವುದು ಅಪ್ಪನಿಗೆ ಗೊತ್ತಿಲ್ಲ, ಹೊಸದು ತೆರೆಯುವುದಷ್ಟೇ ಗೊತ್ತು. ಯಾರೂ ಕರೆಯದೆ ಬಂದು ಕುಳಿತ ಆರು ಎಕ್ಸ್‌ಟೆನ್ಶನ್ ಇದ್ದವು, ಕಿತ್ತೆಸೆದೆ. ಕೂಡಿಕೊಂಡಿದ್ದ ಹಳೆಯ ಕಸ ಅಳಿಸಿದೆ. ಪಾಸ್‌ವರ್ಡ್ ಮಾತ್ರ ಮುಟ್ಟಲಿಲ್ಲ, ಈ ಮನೆಯಲ್ಲಿ ಒಂದೂ ಯಾರಿಗೂ ನೆನಪಿಲ್ಲ. ವರ್ಷದಿಂದ ನಿಂತಿದ್ದ ಅಪ್‌ಡೇಟ್ ಹಾಕಿ ಮತ್ತೆ ಚಾಲೂ ಮಾಡಿದರೆ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು.

ಅಪ್ಪನ ಚಟ ನಿನಗೆ ಗೊತ್ತೇ ಇದೆ. ತಡವಾದರೂ ಆಗದಿದ್ದರೂ ಮೌಸ್ ಕುಟ್ಟುತ್ತಾನೆ. ಮರುದಿನ ಮುಂಜಾನೆ ಪುಟದ ಮೇಲಿನ ಅಂಗಡಿಯ ಹೆಸರಿನ ಮೇಲೆ ಟಕಟಕ ಒತ್ತಿದ. ಪರದೆ ಕಪ್ಪಾಯಿತು. ಎರಡೂ ಬದಿಯಿಂದ ನಮ್ಮ ಸೀರೆಯ ಸೆರಗಿನಲ್ಲಿ ನೇಯುವಂಥ ಕೆಂಪು ತೆನೆಗಳು ಎದ್ದುಬಂದು ಕೂಡಿಕೊಂಡವು. ಕೆಳಗೆ ನಿನ್ನ ಸಾಲು: "ಅಪ್ಪಾ, ಎಷ್ಟ ಅವಸರ ಮಾಡ್ತೀ? ನಾ ನಿನ್ನ ಮ್ಯಾಲಿನ ಸಿಟ್ಟಿಗೆ ಹೊಂಟಿಲ್ಲ. ಖರೆ ಹೇಳ್ತೇನಿ. ಚೇತನ."

ಅಪ್ಪ ಗಾಬರಿಯಾಗಿ, "ಬಸವೇಶ್ವರೀ, ಯಾರೋ ಇದರಾಗ ಹೊಕ್ಕಾರ ನೋಡ!" ಎಂದು ಕೂಗಿದ. ಬಂದು ನೋಡಿದೆ. ಆಮೇಲೆ ನೀನು ಬರೆದಿಟ್ಟ ಕೋಡ್ ತೆಗೆದು ಓದಿದೆ. ಮೂರು ಸೆಕೆಂಡಿನೊಳಗೆ ಏಳು ಸಲ ಒತ್ತಿದರೆ ಮಾತ್ರ ಅದು ತೆರೆಯುತ್ತದೆ. ಆ ನಿಧಾನದಲ್ಲಿ ಅಪ್ಪ ಒತ್ತಿದ್ದು ಯಾವತ್ತೂ ಲೆಕ್ಕಕ್ಕೇ ಬಂದಿಲ್ಲ. ನೀನು ಅದನ್ನು ಬರೆದ ತಾರೀಖು, ಮನೆ ಬಿಟ್ಟ ಹಿಂದಿನ ದಿನದ್ದು.

ಮಠಕ್ಕೆ ಹೋಗಲು ಅಪ್ಪ ಒಪ್ಪಲಿಲ್ಲ, ನೀನು ಮಾತಾಡದೆ ಹೋದೆ ಎಂದೇ ನಾವು ತಿಳಿದಿದ್ದೆವು. ನೀನು ಮಾತಾಡಿಯೇ ಹೋಗಿದ್ದೆ. ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ. ನಿಂತೇ ಕೇಳಿದ. "ಅಂದ್ರ, ಇದನ್ನ ಓದಿನೂ ಅಪ್ಪ ಸುಮ್ಮನ ಕುಂತಾನ ಅಂತ ಅಂವ ತಿಳಕೊಂಡಿರತಾನೇನ?" ಎಂದ. ಇರಬಹುದು ಎಂದೆ. ಮಡಿಸಿಟ್ಟಿದ್ದ ಸೀರೆಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತ ಕುಳಿತ. ಗಿರಾಕಿ ಫರಹಾನಾ ಬಂದು ಪರದೆಯ ಮೇಲಿನದು ಏನೆಂದು ಕೇಳಿದಾಗ "ನನ್ನ ಮಗಾ ಮಾಡ್ಯಾನ" ಎಂದ. ಈ ಎರಡು ವರ್ಷದಲ್ಲಿ ಅವನ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ.

ಗುರುಗಳಿಗೆ ನಮ್ಮೆಲ್ಲರ ಶರಣು ತಿಳಿಸು. ತಲೆ ಒದ್ದೆಯಿಟ್ಟುಕೊಂಡು ಓಡಾಡಬೇಡ.

ನಿನ್ನ ಅಕ್ಕ,
ಬಸವೇಶ್ವರಿ

ತಾ.ಕ.: ಅಂಚೆಗೆ ಹೊತ್ತಾಯಿತು, ಇದಿಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಗುರುವಾರ, ೨೮ಕ್ಕೆ, ಅಪ್ಪ ಒಬ್ಬನೇ ಅಲ್ಲಿಗೆ ಬರುತ್ತಾನೆ. ಜನವರಿಯ ನಿನ್ನ ದೀಕ್ಷೆಗೂ ಬರುತ್ತಾನಂತೆ. ಹಾಗಿದ್ದರೆ ಈಗ ಯಾಕೆ ಎಂದು ಕೇಳಿದೆ. "ದೀಕ್ಷಾ ಆದ ಮ್ಯಾಲ ಅಂವಗ ಬ್ಯಾರೆ ಹೆಸರ ಇಡತಾರ. ನಾನೂ ಕಾಲಿಗಿ ಬೀಳಬೇಕಾಗತೈತಿ. ಅದಕಿಂತ ಮೊದಲ ಒಂದ ಸಲ, 'ಲೇ ಚೇತ್ಯಾ' ಅಂತ ಕರದು ಬರ್ತೇನಿ" ಎಂದ.